ಜಿರಳೆಗೆ ಹಿಡಿದ ಬೆಳಕು

ನನ್ನ ಬಲಗಣ್ಣಿನ ನಟ್ಟನಡುವೆ ಎಳ್ಳುಕಾಳಿನಷ್ಟು ಜಾಗ ಖಾಲಿ ಇದೆ. ಅಲ್ಲಿ ಕತ್ತಲೆ ಇಲ್ಲ, ನೋವಿಲ್ಲ, ಏನೂ ಇಲ್ಲ. ಎಡಗಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿದರೆ ತಾರೀಕು ಕಾಣುವುದಿಲ್ಲ, ಸುತ್ತಲಿನ ವಾರವೆಲ್ಲ ಕಾಣುತ್ತದೆ. ಹೇಗಾಯಿತು ಎಂದು ಕೇಳಿದವರಿಗೆ ಮೊದಮೊದಲು ಸುಳ್ಳು ಹೇಳುತ್ತಿದ್ದೆ. ವೆಲ್ಡಿಂಗ್ ಬೆಳಕು ಬಡಿಯಿತು ಎಂದೆ, ಗ್ರಹಣ ನೋಡಿದೆ ಎಂದೆ, ಒಬ್ಬರಿಗೆ ಹುಟ್ಟಿನಿಂದಲೇ ಹೀಗೆ ಎಂದೂ ಹೇಳಿದ್ದೇನೆ. ನಿಜ ಹೇಳಲು ನಾಚಿಕೆ. ನಿಜ ಏನೆಂದರೆ, ನಾನು ಜಿರಳೆ ಕೊಲ್ಲಲು ಹೋಗಿ ಕಣ್ಣು ಸುಟ್ಟುಕೊಂಡವಳು.

ಹೋದ ತಿಂಗಳು ಕೊಯಮತ್ತೂರಿನ ಕಣ್ಣಾಸ್ಪತ್ರೆಗೆ ಆರು ತಿಂಗಳಿಗೊಮ್ಮೆಯ ತಪಾಸಣೆಗೆಂದು ಹೋಗಿ ಕೂತಿದ್ದೆ. ಪಕ್ಕದಲ್ಲಿ ಕಿಣತ್ತುಕಡವಿನಿಂದ ಬಂದ ಒಬ್ಬ ಹೆಂಗಸು, ನನ್ನ ವಯಸ್ಸಿನವಳೇ, ಒಂದು ಕಣ್ಣಿಗೆ ಕೈ ಅಡ್ಡ ಹಿಡಿದು ಎದುರಿನ ಗಡಿಯಾರ ನೋಡುವುದು, ಕೈ ಬದಲಿಸುವುದು, ಮತ್ತೆ ನೋಡುವುದು ಮಾಡುತ್ತಿದ್ದಳು. ಆ ಆಟ ನನಗೆ ಚೆನ್ನಾಗಿ ಗೊತ್ತು. ಏನಾಯಿತು ಎಂದು ತಮಿಳಿನಲ್ಲಿ ಕೇಳಿದೆ. ವೆಲ್ಡಿಂಗ್ ಬೆಳಕು ಎಂದಳು. ಯಾರು ವೆಲ್ಡಿಂಗ್ ಮಾಡುತ್ತಿದ್ದರು ಎಂದೆ. ಮುಖ ಆ ಕಡೆ ತಿರುಗಿಸಿದಳು. ನಾನು ಅವಳ ಕಿವಿಯ ಹತ್ತಿರ ಬಾಗಿ, "ನಂದೂ ಅದೇ ವೆಲ್ಡಿಂಗು. ನಿಮ್ಮದು ಇರುವೆಯೋ, ಸೊಳ್ಳೆಯೋ, ಜಿರಳೆಯೋ?" ಎಂದೆ. ತಟ್ಟನೆ ನನ್ನ ಕಡೆ ತಿರುಗಿದಳು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ನಗುತ್ತಲೇ ಅತ್ತಳು. ಬಚ್ಚಲುಮನೆಯ ಹೊಳೆಯುವ ಟೈಲ್ಸ್ ಮೇಲೆ ಕೂತ ಜಿರಳೆಗೆ ಲೇಸರ್ ಬಿಟ್ಟಿದ್ದಳಂತೆ. ಮನೆಯಲ್ಲಿ ಯಾರಿಗೂ ನಿಜ ಹೇಳಿಲ್ಲವಂತೆ. ಇಂಥ ದಡ್ಡತನ ಮಾಡಿದವಳು ಪ್ರಪಂಚದಲ್ಲಿ ನಾನೊಬ್ಬಳೇ ಎಂದು ಎರಡು ವರ್ಷ ನಂಬಿಕೊಂಡಿದ್ದೆನಲ್ಲ, ಅದು ಅವತ್ತು ಹೋಯಿತು. ಅವಳಿಗೂ ಹೋಗಿರಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ತಮಿಳು ಮಾತಾಡಬಲ್ಲೆ, ಬರೆಯಲು ಕೈ ಓಡುವುದಿಲ್ಲ, ಆದ್ದರಿಂದ ಕನ್ನಡದಲ್ಲಿ.

ನನ್ನ ಹೆಸರು ರತ್ನ. ತವರು ಕೊಳ್ಳೇಗಾಲ, ಸೇರಿದ್ದು ತಮಿಳುನಾಡಿನಲ್ಲಿ ಭವಾನಿ ಹೊಳೆಯ ದಡದ ಸಿರುಮುಗೈ. ಎರಡೂ ಕಡೆ ರೇಷ್ಮೆ ಸೀರೆ ನೇಯುವ ಮನೆಗಳೇ, ಮನೆಮಾತೂ ಕನ್ನಡವೇ, ಇಲ್ಲಿಯದರಲ್ಲಿ ತಮಿಳು ಬೆರೆತಿದೆ. ನಮ್ಮಪ್ಪ ಸೀರೆಗೆ ಗ್ರಾಫ್ ಬಿಡಿಸುತ್ತಿದ್ದರು. ಅಂಚಿನಲ್ಲೂ ಸೆರಗಿನಲ್ಲೂ ಬರುವ ಹೂವು, ಬಳ್ಳಿ, ಹಕ್ಕಿಗಳನ್ನು ಮೊದಲು ಚೌಕಳಿ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬಿ ಬರೆಯುವ ಕೆಲಸ ಅದು. ಆ ಹಾಳೆ ನೋಡಿಕೊಂಡು ರಟ್ಟಿಗೆ ತೂತು ಹೊಡೆಯುತ್ತಾರೆ, ಆ ತೂತು ಹೇಳಿದಂತೆ ಮಗ್ಗ ಎಳೆ ಎತ್ತುತ್ತದೆ. ಗ್ರಾಫಿನಲ್ಲಿ ಒಂದು ಚೌಕ ತಪ್ಪಿದರೆ ಸೀರೆಯುದ್ದಕ್ಕೂ ಅದೇ ತಪ್ಪು. ಅಪ್ಪ ಆ ಕೆಲಸವನ್ನು ನನಗೆ ಕಲಿಸಿದರು. ಎಡಗಣ್ಣು ಮುಚ್ಚಿ, ಬಲಗಣ್ಣೊಂದರಲ್ಲೇ ಸಾಲು ಹಿಡಿದು ಹೋಗುವುದನ್ನೂ ಅವರೇ ಕಲಿಸಿದ್ದು. ಎರಡು ಕಣ್ಣು ಬಿಟ್ಟರೆ ಸಾಲು ಜಾರುತ್ತದೆ ಎನ್ನುತ್ತಿದ್ದರು.

ಸಿರುಮುಗೈಯ ನಮ್ಮ ಬೀದಿಯಲ್ಲಿ ಹೆಂಗಸರು ನೂಲು ಸುತ್ತುತ್ತಾರೆ, ಕೆಲವರು ಮಗ್ಗಕ್ಕೂ ಕೂರುತ್ತಾರೆ, ಗ್ರಾಫ್ ಬಿಡಿಸುವವಳು ನಾನೊಬ್ಬಳೇ. ಮೊದಲು ಮುಖ ಸಿಂಡರಿಸಿದ ಅತ್ತೆ ಕೊನೆಗೆ ಬೀದಿಯಲ್ಲೆಲ್ಲ "ನಮ್ಮ ಅಮ್ಮಣಿ ಬರ್ದ ಹಕ್ಕಿ" ಎಂದು ಸೀರೆ ತೋರಿಸುವಂತಾಗಿದ್ದರು. ಅಮ್ಮಣಿ ಎಂದರೆ ಇಲ್ಲಿ ಮುದ್ದಿನ ಕರೆ. ಆ ಕರೆ ಕೇಳಲು ನನಗೆ ಆರು ವರ್ಷ ಹಿಡಿದಿತ್ತು.

ಅತ್ತೆಯ ಮನೆಯಲ್ಲಿ ಒಂದು ಪದ್ಧತಿ. ಹಕ್ಕಿಯ ಗ್ರಾಫಿನಲ್ಲಿ ಎಲ್ಲ ಚೌಕ ತುಂಬಿದ ಮೇಲೆ ಕಟ್ಟಕಡೆಗೆ ಕಣ್ಣಿಡಬೇಕು, ಅದೂ ದೀಪ ಹಚ್ಚಿ. ಮೊದಲೇ ಕಣ್ಣಿಟ್ಟರೆ ಹಕ್ಕಿ ತನ್ನ ಅರೆಬರೆ ರೆಕ್ಕೆಯನ್ನು ನೋಡಿ ನೊಂದುಕೊಳ್ಳುತ್ತದಂತೆ. ಕೊಳ್ಳೇಗಾಲದಲ್ಲಿ ಇದಿರಲಿಲ್ಲ. ಆದರೂ ಅತ್ತೆ ಅದನ್ನು ಹೇಳಿದ ರೀತಿಗೆ ಮನಸೋತು ನಾನೂ ಹಾಗೇ ಮಾಡುತ್ತಿದ್ದೆ.

ಇನ್ನು ಜಿರಳೆ. ನಮ್ಮದು ಗುಂಡಿಮಗ್ಗ, ನೇಯುವವರು ನೆಲದ ಗುಂಡಿಯೊಳಗೆ ಕಾಲಿಳಿಸಿ ಕೂರುತ್ತಾರೆ. ತಂಪಾದ, ಮಬ್ಬುಗತ್ತಲೆಯ ಆ ಗುಂಡಿ ಜಿರಳೆಗೆ ಅರಮನೆ. ಗಂಜಿ ಹಾಕಿದ ರೇಷ್ಮೆ ಎಳೆಯೆಂದರೆ ಅವುಗಳಿಗೆ ಹಬ್ಬದೂಟ. ಸ್ಪ್ರೇ ಹೊಡೆದರೆ ರೇಷ್ಮೆಗೆ ಎಣ್ಣೆಕಲೆ, ಸೀಮೆಸುಣ್ಣದಂಥ ಔಷಧಿ ಗೀಚಿದರೆ ಬಿಳಿ ಪುಡಿ, ಪೊರಕೆಯಲ್ಲಿ ಹೊಡೆಯೋಣವೆಂದರೆ ಅತ್ತೆ ಬಿಡುವುದಿಲ್ಲ. ಮಗ್ಗದ ಮುಂದೆ ಪೊರಕೆ ಎತ್ತಬಾರದು. ಹೀಗಾಗಿ ನಮ್ಮ ಮನೆಯಲ್ಲಿ ಜಿರಳೆಗಳು ಅಳಿಯಂದಿರ ಹಾಗೆ ಇದ್ದವು.

ನನ್ನ ಮೈದುನ ಸೆಂದಿಲ್ ಮಗ್ಗ ಬಿಟ್ಟು ಪಲ್ಲಡಂನಲ್ಲಿ ಕಂಪ್ಯೂಟರ್, ಡಿವಿಡಿ ಪ್ಲೇಯರ್ ರಿಪೇರಿ ಅಂಗಡಿ ಇಟ್ಟಿದ್ದ. ಒಂದು ಭಾನುವಾರ ಬಂದವನೇ ಜೇಬಿನಿಂದ ಬೆರಳುದ್ದದ ಟಾರ್ಚ್ ತೆಗೆದ. ಕೆಟ್ಟ ಡಿವಿಡಿ ರೈಟರ್ ಒಳಗಿನ ಲೇಸರ್ ತೆಗೆದು ಅದರಲ್ಲಿ ಕೂರಿಸಿದ್ದನಂತೆ. ಇಂಟರ್ನೆಟ್‌ನಲ್ಲಿ ಯಾರೋ ಅದರಿಂದ ಬಲೂನು ಒಡೆದಿದ್ದನ್ನು ನೋಡಿದ್ದನಂತೆ.

"ಅಣ್ಣಿ, ಇಲ್ ನೋಡಿ. ಸ್ಪ್ರೇನೂ ಬೇಡ, ಪೊರಕೇನೂ ಬೇಡ. ಚುಮ್ಮಾ ಲೈಟ್ ಹಾಕಿ ಹಿಡ್ಕೊಳ್ಳಿ, ಪೂಚಿ ಅಲ್ಲೇ ಕ್ಲೋಸ್" ಎಂದ. ಅತ್ತಿಗೆಯನ್ನು ಅವನು ತಮಿಳಿನಂತೆ ಅಣ್ಣಿ ಎನ್ನುತ್ತಾನೆ, ಹುಳುವನ್ನು ಪೂಚಿ.

ಮಗ್ಗದ ಗುಂಡಿಯ ಮೂಲೆಯಲ್ಲಿ ಮೀಸೆ ಆಡಿಸುತ್ತಿದ್ದ ಒಂದಕ್ಕೆ ಕೆಂಪು ಚುಕ್ಕಿ ಹಿಡಿದ. ನಾಲ್ಕೈದು ಎಣಿಸುವಷ್ಟರಲ್ಲಿ ಸಣ್ಣ ಹೊಗೆ, ಕೂದಲು ಸುಟ್ಟ ವಾಸನೆ, ಜಿರಳೆ ಅಂಗಾತ. ರೇಷ್ಮೆಗೆ ಕಲೆಯಿಲ್ಲ, ಶಬ್ದವಿಲ್ಲ. ಬೇಡ ಬೇಡ ಎನ್ನುತ್ತಿದ್ದ ಅತ್ತೆಯೂ ಬಾಗಿ ನೋಡಿ, "ಅಡ, ಪರ್ವಾಗಿಲ್ವೇ! ಪೊರಕೆ ಎತ್ತಲಿಲ್ಲೆ, ಅಷ್ಟ್ ಸಾಕು" ಎಂದುಬಿಟ್ಟರು. ಬೆಳಕಿನಿಂದ ಸಾಯಿಸುವುದನ್ನು ತಡೆಯುವ ಪದ್ಧತಿ ಅವರ ಬಳಿ ಇರಲಿಲ್ಲ.

ಟಾರ್ಚನ್ನು ಸೆಂದಿಲ್ ಬಿಟ್ಟುಹೋದ. "ನೇರಾ ಕಣ್ಣಿಗೆ ಬಿಡ್ಬೇಡಿ" ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದ. ನಾನು ಅದನ್ನು ಆರು ವರ್ಷದ ಮಗಳು ಕಾವ್ಯಳಿಗೆ ಎಟುಕದಂತೆ ದೇವರ ಗೂಡಿನ ಮೇಲಿಟ್ಟೆ. ಅಷ್ಟು ಮಾಡಿ ನಾನೇ ದೊಡ್ಡ ಜವಾಬ್ದಾರಿಯವಳು ಎಂದುಕೊಂಡೆ. ಮಗಳಿಂದ ಕಾಪಾಡಿದ್ದಾಯಿತು, ನನ್ನಿಂದ ಯಾರು ಕಾಪಾಡಬೇಕಿತ್ತು? ಊಟವಾದ ಮೇಲೆ ಎಲ್ಲರೂ ಒಂದು ಕೋಳಿನಿದ್ದೆ ತೆಗೆಯುವ ಹೊತ್ತಿನಲ್ಲಿ ನಾನು ಗುಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಬೇಟೆಗಾರ್ತಿಯಂತೆ ಕಾಯುತ್ತಿದ್ದೆ. ಎರಡು ವಾರದಲ್ಲಿ ಅದು ಚಟವಾಯಿತು. ಗಂಡ ಮುರುಗೇಶ್, "ಇವಳ್ಗೆ ಪೂಚಿ ಸಿಗದಿದ್ರೆ ಊಟ ಸೇರಲ್ಲೆ" ಎಂದು ಆಡಿಕೊಳ್ಳುತ್ತಿದ್ದರು.

ನಮ್ಮ ಮನೆಯಲ್ಲಿ ಸೀರೆಯ ಮುಖ ಕೆಳಗೆ, ಬೆನ್ನು ಮೇಲೆ ಬರುವಂತೆ ನೇಯುತ್ತಾರೆ. ಹಾಗಾಗಿ ಚಿತ್ತಾರ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ಬಟ್ಟೆಯ ಕೆಳಗೆ, ಗುಂಡಿಯ ಅಂಚಿಗೆ ಒಂದು ಕನ್ನಡಿ ಇಟ್ಟಿರುತ್ತಾರೆ. ಎದ್ದು ಬಗ್ಗುವ ಬದಲು ನೇಯುವವರು ಅದರಲ್ಲಿ ಒಮ್ಮೆ ಕಣ್ಣು ಹಾಯಿಸುತ್ತಾರೆ. ಆ ಕನ್ನಡಿ ನನ್ನ ಮದುವೆಗೆ ಮುಂಚಿನಿಂದಲೂ ಅಲ್ಲೇ ಇತ್ತು. ದಿನವೂ ನೋಡುವ ವಸ್ತು ಹೇಗೆ ಕಾಣದೆ ಹೋಗುತ್ತದೋ ಹಾಗೆ ಅದು ನನಗೆ ಕಾಣದೆ ಹೋಗಿತ್ತು.

ಅವತ್ತು ಮಧ್ಯಾಹ್ನ ಒಂದು ದಪ್ಪ ಜಿರಳೆ ಗುಂಡಿಯ ಗೋಡೆ ಹತ್ತಿ ಬಂತು. ನಾನು ಗ್ರಾಫ್ ಬಿಡಿಸುವಾಗಿನಂತೆ ಎಡಗಣ್ಣು ಮುಚ್ಚಿ, ಬಲಗಣ್ಣಿನಲ್ಲಿ ಗುರಿ ಹಿಡಿದು ಟಾರ್ಚಿನ ಬಟನ್ ಒತ್ತಿದೆ. ಜಿರಳೆ ಓಡಿತು. ಕೆಂಪು ಚುಕ್ಕಿ ಅದರ ಹಿಂದೆ ಓಡಿತು. ಜಿರಳೆ ಕನ್ನಡಿಯ ಮೇಲೆ ಹತ್ತಿತು.

ಅಷ್ಟೇ. ಕಣ್ಣೊಳಗೆ ಯಾರೋ ಕೆಂಪು ಬಟ್ಟೆ ಕೊಡವಿದಂತಾಯಿತು. ನೋವಿರಲಿಲ್ಲ. ಒಂದು ಚೂರು ನೋವಾಗಿದ್ದರೂ ಕೂಗಿಕೊಳ್ಳುತ್ತಿದ್ದೆ, ಅವತ್ತೇ ಆಸ್ಪತ್ರೆಗೆ ಓಡುತ್ತಿದ್ದೆ. ಎದುರಿಗೆ ಹಸಿರು ಮಚ್ಚೆಯೊಂದು ತೇಲುತ್ತಿತ್ತು, ದೀಪ ದಿಟ್ಟಿಸಿ ನೋಡಿದ ಮೇಲೆ ತೇಲುವುದಿಲ್ಲವೇ ಹಾಗೆ. ಸಂಜೆಯೊಳಗೆ ಹೋಗುತ್ತದೆ ಎಂದು ಟಾರ್ಚನ್ನು ಗೂಡಿನ ಮೇಲಿಟ್ಟು ಅಕ್ಕಿ ತೊಳೆಯಲು ಹೋದೆ. ಸಂಜೆಗೂ ಹೋಗಲಿಲ್ಲ. ಮರುದಿನ ಹಸಿರು ಹೋಗಿ ಬೂದಿಬಣ್ಣವಾಯಿತು. ಜಿರಳೆ ಮಾತ್ರ ಅವತ್ತೇ ತಪ್ಪಿಸಿಕೊಂಡಿತ್ತು.

ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಸೆಂದಿಲ್‌ಗೆ ಅಣ್ಣನಿಂದ ಬೈಗುಳ, ನನಗೆ ಅತ್ತೆಯಿಂದ. ಅದಕ್ಕಿಂತ ಹೆಚ್ಚಾಗಿ, ಮದುವೆ ಸೀರೆಯೊಂದರ ಅಂಚಿಗೆ ಹಂಸದ ಸಾಲಿನ ಗ್ರಾಫ್ ಅರ್ಧವಾಗಿತ್ತು. ಕಣ್ಣು ಸರಿಯಿಲ್ಲ ಎಂದರೆ ಅದು ಬೇರೆಯವರ ಕೈಗೆ ಹೋಗುತ್ತದೆ. ಒಮ್ಮೆ ಹೋದದ್ದು ತಿರುಗಿ ಬರುತ್ತದೆಯೇ? ನಾನು ತವರಿನಿಂದ ತಂದ ಆಸ್ತಿ ಎಂದರೆ ಇದೊಂದೇ ಕೆಲಸ. ಮಾತಾಡದೆ ಕೂತು ಹಂಸ ಮುಗಿಸಿದೆ. ಎಡಗಣ್ಣು ಮುಚ್ಚಿಯೇ ಬಿಡಿಸಿದೆ, ಅಭ್ಯಾಸ. ಸಾಲುಗಳು ನಡುವೆ ಸ್ವಲ್ಪ ಬಾಗುತ್ತಿದ್ದವು, ಅಂದಾಜಿನ ಮೇಲೆ ನೆಟ್ಟಗೆ ಮಾಡಿಕೊಂಡೆ. ಕೊನೆಗೆ ದೀಪ ಹಚ್ಚಿ ಕಣ್ಣಿಟ್ಟೆ. ಇಟ್ಟೆ ಎಂದುಕೊಂಡೆ.

ರಟ್ಟಿಗೆ ತೂತು ಬಿದ್ದು, ಮಗ್ಗಕ್ಕೇರಿ, ಮುರುಗೇಶ್ ಮಾದರಿಗೆಂದು ಗೇಣುದ್ದ ನೇಯುವಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ನಾನು ಅಡುಗೆಮನೆಯಲ್ಲಿದ್ದೆ. ಲಾಳಿಯ ಸದ್ದು ನಿಂತಿತು.

"ರತ್ನಾ, ಇಲ್ ಬಾ."

ಹೋದೆ. ಅವರು ಕನ್ನಡಿಯಲ್ಲಿ ನೋಡುತ್ತಿದ್ದರು. "ಹಂಸಕ್ಕೆ ಕಣ್ಣ್ ಎಲ್ಲಿ?"

"ಇದೆಯಲ್ಲಾ."

"ನೀನೇ ನೋಡು."

ಬಾಗಿ ಕನ್ನಡಿಯಲ್ಲಿ ನೋಡಿದೆ. ಏಳು ಹಂಸಗಳು, ಒಂದರ ಹಿಂದೆ ಒಂದು, ಜರಿಯಲ್ಲಿ ಮಿರಿಮಿರಿ ಮಿಂಚುತ್ತಾ ಬರುತ್ತಿದ್ದವು. ಒಂದಕ್ಕೂ ಕಣ್ಣಿರಲಿಲ್ಲ. ಗ್ರಾಫ್ ತಂದು ನೋಡಿದರೆ ಕಣ್ಣಿನ ಚೌಕ ಕೊಕ್ಕಿನ ಆಚೆ, ಗಾಳಿಯಲ್ಲಿ ಒಂದು ಚುಕ್ಕಿಯಾಗಿ ಬಿದ್ದಿತ್ತು. ನಾನು ಮತ್ತೆ ಎಡಗಣ್ಣು ಮುಚ್ಚಿ ಅದನ್ನು ನೋಡಿದೆ. ಚುಕ್ಕಿ ಮಾಯ. ಕಣ್ಣು ಬಿಟ್ಟೆ, ಇದೆ. ಮುಚ್ಚಿದೆ, ಇಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಒಂಬತ್ತು ದಿನದಿಂದ ಹಿಡಿದಿಟ್ಟಿದ್ದ ಅಳು ಒಟ್ಟಿಗೆ ಬಂತು.

ಮುರುಗೇಶ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಮೆಟ್ಟುಪಾಳ್ಯಂ, ಅಲ್ಲಿಂದ ಕೊಯಮತ್ತೂರು. ಕಾರಮಡೈ ದಾಟುವವರೆಗೂ ಕಿಟಕಿಯಾಚೆ ನೋಡುತ್ತಿದ್ದವರು ಇದ್ದಕ್ಕಿದ್ದಂತೆ, "ನನ್ನತ್ರ ಯಾಕ್ ಹೇಳಲಿಲ್ಲೆ?" ಎಂದರು.

"ಗ್ರಾಫ್ ಕೈ ತಪ್ಪಿ ಹೋಯ್ತದೆ ಅಂತ."

"ಗ್ರಾಫ್ ಹೋದ್ರೆ ಇನ್ನೊಂದ್ ಬರುತ್ತೆ. ಕಣ್ಣ್ ಎಲ್ಲಿಂದ ತರ್ಲಿ ನಾನು?" ಎಂದು ಮತ್ತೆ ಕಿಟಕಿಯಾಚೆ ತಿರುಗಿದರು. ನಾನು ಅವರ ತೋಳಿಗೆ ಒರಗಿಕೊಂಡೆ. ಬಸ್ಸಿನಲ್ಲಿ ಹಾಗೆ ಕೂತದ್ದು ಮದುವೆಯಾದ ಹೊಸದರಲ್ಲೂ ಇರಲಿಲ್ಲ.

ಕಣ್ಣಾಸ್ಪತ್ರೆಯಲ್ಲಿ ಕಾಯುವುದು ಬೇರೆ ಆಸ್ಪತ್ರೆಯಲ್ಲಿ ಕಾಯುವಂತಲ್ಲ. ಎಲ್ಲರ ಕಣ್ಣಿಗೂ ಪಾಪೆ ಹಿಗ್ಗಿಸುವ ಹನಿ ಬಿಟ್ಟಿರುತ್ತಾರೆ. ಒಬ್ಬರ ಮುಖ ಇನ್ನೊಬ್ಬರಿಗೆ ನೆಟ್ಟಗೆ ಕಾಣುವುದಿಲ್ಲ. ಹಾಗಾಗಿ ಮಾತು ಬೇಗ ಶುರುವಾಗುತ್ತದೆ. ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ನನ್ನ ಕೈಯನ್ನು ತಮ್ಮ ಸೊಸೆಯ ಕೈ ಎಂದುಕೊಂಡು ಅರ್ಧ ಗಂಟೆ ಹಿಡಿದಿದ್ದರು. ನಾನು ಬಿಡಿಸಿಕೊಳ್ಳಲಿಲ್ಲ. ಅವರು ಏನಾಯಿತು ಎಂದು ಕೇಳಿದಾಗ ನನ್ನ ಮೊದಲ ಸುಳ್ಳು, ಆ ವೆಲ್ಡಿಂಗ್ ಸುಳ್ಳು, ಅಲ್ಲೇ ಹುಟ್ಟಿತು. ಸುಳ್ಳಿನ ಆಯಸ್ಸು ಹೆಚ್ಚಿರಲಿಲ್ಲ, ಚೀಟಿ ಬರೆಸುವಾಗ ಮುರುಗೇಶ್ ನಿಜ ಹೇಳಿದ್ದರು. ನರ್ಸ್ ಫೈಲ್ ಹಿಡಿದುಕೊಂಡು ಬಾಗಿಲಿಗೆ ಬಂದು, ಇಡೀ ಹಾಲಿಗೆ ಕೇಳುವಂತೆ, "ಕರಪ್ಪಾಂಪೂಚಿ ಲೇಸರ್ ಯಾರಮ್ಮಾ?" ಎಂದು ತಮಿಳಿನಲ್ಲಿ ಕೂಗಿದಳು. ಕರಪ್ಪಾಂಪೂಚಿ ಎಂದರೆ ಜಿರಳೆ. ಕಣ್ಣು ಕಾಣದ ಅಷ್ಟೂ ಜನ ನನ್ನ ಕಡೆಗೆ ತಿರುಗಿದರು. ಅಜ್ಜಿ ನನ್ನ ಕೈ ಬಿಟ್ಟು, ಮತ್ತೆ ಹಿಡಿದು, ಒಮ್ಮೆ ಅದುಮಿ ಕಳಿಸಿದರು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ನಾವು ಗಂಡಹೆಂಡಿರು ಮಾತಾಡಿಕೊಳ್ಳುವುದನ್ನು ಕೇಳಿ, "ಕನ್ನಡದವರಾ? ನಾನು ಹಾಸನದ ಕಡೆಯವಳು" ಎಂದರು. ಆ ಕೋಣೆಯಲ್ಲಿ ಆ ಮಾತು ಕೇಳಿ ನನಗಾದ ಸಮಾಧಾನ ಇಷ್ಟೆಂದು ಹೇಳಲಾರೆ. ಕಣ್ಣೊಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ನನಗೆ ಬೆಳಕೆಂದರೇ ಭಯ, ಕುರ್ಚಿಯ ಕೈ ಹಿಡಿದು ಕೂತಿದ್ದೆ. ಆಮೇಲೆ ಒಂದು ಹಾಳೆ ಕೈಗಿಟ್ಟು, ಎಡಗಣ್ಣು ಮುಚ್ಚಿ ನಡುವಿನ ಚುಕ್ಕಿ ನೋಡಿ ಎಂದರು.

ಹಾಳೆ ನೋಡಿ ನಗು ಬಂತು. ಉದ್ದಗೆರೆ, ಅಡ್ಡಗೆರೆ, ಚೌಕಳಿ. ಥೇಟ್ ನಮ್ಮ ಗ್ರಾಫ್.

"ಯಾಕೆ ನಗ್ತೀರಾ?"

"ಇದು ನಮ್ಮ ಮನೇದು ಡಾಕ್ಟ್ರೇ. ನಾನು ಬೆಳಗ್ಗೆಯಿಂದ ಸಂಜೆವರೆಗೂ ಇದರ ಮೇಲೇ ಇರೋದು."

"ಹಾಗಾದ್ರೆ ಹೇಳಿ, ಏನು ಕಾಣ್ತಿದೆ?"

"ಚುಕ್ಕಿ ಇಲ್ಲ. ಅದರ ಸುತ್ತ ಅಡ್ಡ ನಾಲ್ಕು, ಉದ್ದ ಮೂರು, ಹನ್ನೆರಡು ಚೌಕ ಇಲ್ಲ. ಅದರ ಬಲಕ್ಕೆ ಎರಡು ಗೆರೆ ಸಡಿಲ ಬಿದ್ದಿವೆ, ಹಾಸಿನಲ್ಲಿ ಎಳೆ ಸಡಿಲ ಆದ ಹಾಗೆ."

ಅವರು ಬರೆಯುವುದನ್ನು ನಿಲ್ಲಿಸಿದರು. "ಇಷ್ಟು ಲೆಕ್ಕವಾಗಿ ಇದುವರೆಗೆ ಯಾರೂ ಹೇಳಿಲ್ಲ" ಎಂದರು. ನನಗೆ ಹೆಮ್ಮೆಯಾಯಿತು. ಕಣ್ಣು ಸುಟ್ಟುಕೊಂಡು ಕೂತವಳಿಗೆ ಹೆಮ್ಮೆ! ಮನುಷ್ಯರ ಬುದ್ಧಿ ಎಲ್ಲಿ ಹೋಗುತ್ತದೆ ನೋಡಿ.

ಆಮೇಲೆ ಅವರು ಮೆಲ್ಲಗೆ ಹೇಳಿದರು. "ಕಣ್ಣಿನ ಹಿಂಭಾಗದಲ್ಲಿ, ಸೂಕ್ಷ್ಮವಾಗಿ ನೋಡೋ ಜಾಗಾನೇ ಸುಟ್ಟಿದೆ. ಇದನ್ನ ಹೊಲಿಯೋಕಾಗಲ್ಲ, ಅಂಟಿಸೋಕಾಗಲ್ಲ. ಬಾವು ಇಳಿಯೋಕೆ ಮಾತ್ರೆ ಕೊಡ್ತೀನಿ. ಆಮೇಲೆ ಮೂರು ತಿಂಗಳು ಕಾಯೋದು. ಎಷ್ಟು ವಾಪಸ್ ಬರುತ್ತೋ ಅಷ್ಟು ನಿಮ್ಮದು."

"ಗ್ರಾಫ್ ಬಿಡಿಸಬಹುದಾ?"

"ಅದನ್ನ ನಾನು ಈಗ ಹೇಳಲಾರೆ. ಗುರಿ ಹಿಡಿಯುವಾಗ ಎಡಗಣ್ಣು ಮುಚ್ಚಿದ್ರಿ ಅಂದ್ರಲ್ಲ, ಅದು ಉಳೀತು. ಅಷ್ಟಕ್ಕೆ ಸಂತೋಷಪಡಿ." ಮತ್ತೆ ಕೇಳಿದರು, "ಪಕ್ಕದಲ್ಲಿ ಬೇರೆ ಯಾರಾದ್ರೂ ಇದ್ರಾ ಆವಾಗ?"

ಇರಲಿಲ್ಲ. ಆದರೆ ಅದರ ಹಿಂದಿನ ದಿನ ರಜೆಯಿತ್ತು. ಕಾವ್ಯ ನನ್ನ ಎದುರಿಗೇ ಕೂತು, ಕೆನ್ನೆಗೆ ಕೈಕೊಟ್ಟು, ಎರಡೂ ಕಣ್ಣು ಅಗಲಿಸಿಕೊಂಡು ಗುಂಡಿಯೊಳಗೆ ಬಗ್ಗಿ ನೋಡುತ್ತಿದ್ದಳು. ಕನ್ನಡಿ ಅವತ್ತೂ ಅಲ್ಲೇ ಇತ್ತು. ನಿಜವಾದ ಭಯ ಏನೆಂದು ನನಗೆ ಗೊತ್ತಾದದ್ದು ಆ ಕುರ್ಚಿಯಲ್ಲಿ, ಆಗ. ಇವತ್ತಿಗೂ ಯಾರಾದರೂ ಆ ಕೆಂಪು ಚುಕ್ಕಿಯನ್ನು ಗೋಡೆಯ ಮೇಲೆ ಆಡಿಸಿದರೆ ನಾನು ಮೊದಲು ನೋಡುವುದು ಪಕ್ಕದಲ್ಲಿ ಯಾವ ಮಕ್ಕಳಿದ್ದಾರೆ ಎಂದು, ಆಮೇಲೆ ಆ ಟಾರ್ಚನ್ನು ಕಿತ್ತುಕೊಳ್ಳುತ್ತೇನೆ. ಜಗಳಗಂಟಿ ಎಂದು ಹೆಸರು ಬಂದಿದೆ. ಬರಲಿ.

ಡಾಕ್ಟರ್ ಕೊಟ್ಟ ಚೌಕಳಿ ಹಾಳೆಯನ್ನು ಮನೆಯ ಗೋಡೆಗೆ ಅಂಟಿಸಿದೆವು. ದಿನಾ ಬೆಳಗ್ಗೆ ಕಾಫಿಗೆ ಮುಂಚೆ ಅದರ ಮುಂದೆ ನಿಂತು ಇಲ್ಲದ ಚೌಕಗಳನ್ನು ಎಣಿಸುವುದು ನನ್ನ ಕೆಲಸ. ಓದುಬರಹ ಬಾರದ ಅತ್ತೆ ಪಕ್ಕದಲ್ಲಿ ನಿಂತು ಕೇಳುತ್ತಿದ್ದರು. "ಇವತ್ತ್ ಎಷ್ಟ್ ಕಟ್ಟಂ ಅಮ್ಮಣಿ?" ಕಟ್ಟಂ ಎಂದರೆ ಚೌಕ. ಹನ್ನೆರಡು ಎಂದರೆ ಸುಮ್ಮನೆ ತಲೆಯಾಡಿಸುವರು. ಹನ್ನೊಂದು ಎಂದ ದಿನ ಕಾಫಿಗೆ ಎರಡು ಚಮಚ ಸಕ್ಕರೆ ಬೀಳುತ್ತಿತ್ತು. ಬೀದಿಯ ಹೆಂಗಸರೂ ನೀರು ಹಿಡಿಯಲು ಹೋದಾಗ "ಎಷ್ಟು ಕಟ್ಟಂ?" ಎಂದೇ ಮಾತು ತೆಗೆಯುತ್ತಿದ್ದರು.

ಅತ್ತೆ ನನ್ನನ್ನು ಬೈಯುತ್ತಾರೆ ಎಂದು ಹೆದರಿದ್ದೆನಲ್ಲ, ಅವರು ಬೈದುಕೊಂಡದ್ದು ತಮ್ಮನ್ನೇ. "ಪೊರಕೆ ಬೇಡ ಅಂದದ್ದ್ ನಾನು. ಪೊರಕೇಲಿ ಹೊಡ್ದಿದ್ರೆ ಪೂಚಿ ಮಾತ್ರ ಸಾಯ್ತಿತ್ತು" ಎಂದು ಗೊಣಗುತ್ತಾ ಹಿತ್ತಿಲಿನ ನಂದಿಬಟ್ಟಲ ಹೂ ಕಿತ್ತು ತಂದು, ನೀರಿನಲ್ಲಿ ನೆನೆಸಿ, ನನ್ನ ಮುಚ್ಚಿದ ರೆಪ್ಪೆಗಳ ಮೇಲೆ ಇಡುತ್ತಿದ್ದರು. ಡಾಕ್ಟರನ್ನು ಕೇಳಿದ್ದೆ. ಕಣ್ಣೊಳಗೆ ರಸ ಹಿಂಡದಿದ್ದರೆ ಸರಿ, ಅದರಿಂದ ಗಾಯ ಮಾಯುವುದಿಲ್ಲ ಎಂದಿದ್ದರು. ಇರಬಹುದು. ಆದರೆ ದಿನಕ್ಕೆ ಅರ್ಧ ಗಂಟೆ, ತಣ್ಣನೆಯ ಬಿಳಿ ಹೂವಿನ ಕೆಳಗೆ, ಯಾರೂ ಕೆಲಸ ಹೇಳದೆ ಮಲಗಿರುವ ಸುಖ ನನಗೆ ಈ ಮನೆಗೆ ಬಂದ ಮೇಲೆ ಸಿಕ್ಕಿದ್ದು ಅದೇ ಮೊದಲು.

ಸೆಂದಿಲ್ ಒಂದು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಫೋನ್ ಮಾಡಿದರೆ ಅಂಗಡಿಯಲ್ಲಿ ಜನ ಎನ್ನುತ್ತಿದ್ದ. ಕೊನೆಗೆ ಒಂದು ಬೆಳಗ್ಗೆ ಸಿಮೆಂಟಿನ ಚೀಲ, ಕರಣೆ ಹಿಡಿದುಕೊಂಡು ಬಂದ. ನನ್ನ ಮುಖ ನೋಡದೆ ನೇರ ಗುಂಡಿಗಿಳಿದು, ಬಿರುಕುಗಳನ್ನೆಲ್ಲ ಕೆರೆದು ಮುಚ್ಚತೊಡಗಿದ. ಜಿರಳೆ ಬೀಳಲೆಂದು ಒಳಗೆ ಎಣ್ಣೆ ಸವರಿ, ಬೆಲ್ಲದ ಚೂರು ಹಾಕಿದ ಬಾಟಲಿಗಳನ್ನು ಮೂಲೆಗೊಂದರಂತೆ ಇಟ್ಟ. ನಾನು ಕಾಫಿ ತಂದುಕೊಟ್ಟಾಗಲೂ ತಲೆ ಎತ್ತಲಿಲ್ಲ.

"ಏನಪ್ಪಾ, ಅಣ್ಣಿ ಮುಖ ಮರ್ತುಹೋಯ್ತಾ? ನಂಗಾದ್ರೆ ಒಂದ್ ಕಣ್ಣಲ್ಲಿ ನಿನ್ ಮುಖ ಕಾಣಲ್ಲ, ನಿಂಗೆ ಎರಡೂ ಚೆನ್ನಾಗಿವೆಯಲ್ಲಾ" ಎಂದೆ.

ಅವನು ಗುಂಡಿಯಲ್ಲೇ ಕುಸಿದು ಕೂತು, ಮೂವತ್ತು ವರ್ಷದ ಗಂಡಸು, ಬಿಕ್ಕಿಬಿಕ್ಕಿ ಅತ್ತ. "ನಾನ್ ತಾನ್ ಕೊಟ್ಟದ್ದು ಅಣ್ಣಿ. ತಮಾಷೆ ಅಂತ ಕೊಟ್ಟೆ."

"ನೀನು ಕೊಟ್ಟೆ, ನಾನು ಒತ್ತಿದೆ. ಸಮಪಾಲು" ಎಂದೆ. ಕೋಪ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ತಿಂಗಳೆಲ್ಲ ಅವನನ್ನು ಮನಸ್ಸಿನಲ್ಲಿ ಬೇಕಾದಷ್ಟು ಬೈದಿದ್ದೆ. ಆದರೆ ಸಿಮೆಂಟ್ ಮೆತ್ತಿದ ಕೈಯಲ್ಲಿ ಮೂಗು ಒರೆಸಿಕೊಂಡು ಮೀಸೆಯೆಲ್ಲ ಬೂದು ಮಾಡಿಕೊಂಡವನ ಮೇಲೆ ಎಷ್ಟು ಹೊತ್ತು ಕೋಪ ಮಾಡಲಾದೀತು? ಹೋಗುವ ಮುಂಚೆ ಟಾರ್ಚ್ ಕೇಳಿ ಪಡೆದು, ಅಂಗಳದ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದ. ಕಾವ್ಯ ಚಪ್ಪಾಳೆ ತಟ್ಟಿದಳು.

ಎರಡನೇ ತಿಂಗಳ ಕೊನೆಗೆ ಏಳು ಚೌಕ. ಮೂರನೆಯದಕ್ಕೆ ನಾಲ್ಕು. ಅಲ್ಲಿಗೆ ನಿಂತುಬಿಟ್ಟಿತು. ಹತ್ತು ದಿನ ನಾಲ್ಕು, ಇಪ್ಪತ್ತು ದಿನ ನಾಲ್ಕು. ಡಾಕ್ಟರ್ ನೋಡಿ, ಗಾಯ ಒಣಗಿದೆ, ಇನ್ನು ಇಷ್ಟೇ ಇರಬಹುದು ಎಂದರು. ಅಷ್ಟರಲ್ಲಿ ನಮಗೆ ನೂಲು ಕೊಟ್ಟು ಸೀರೆ ಒಯ್ಯುವ ಯಜಮಾನರು, "ಪಾಪ, ರೆಸ್ಟ್ ತಗೊಳ್ಳಲಿ. ಕೊಯಮತ್ತೂರಲ್ಲಿ ಈಗ ಕಂಪ್ಯೂಟರಲ್ಲೇ ಡಿಸೈನ್ ಹಾಕಿ ಕೊಡ್ತಾರೆ" ಎಂದು ಮುರುಗೇಶರ ಹತ್ತಿರ ಹೇಳಿದ್ದು ಕಿವಿಗೆ ಬಿತ್ತು. ಆ ‘ಪಾಪ’ ನನ್ನನ್ನು ಲೇಸರಿಗಿಂತ ಹೆಚ್ಚು ಸುಟ್ಟಿತು. ಅವತ್ತು ಗ್ರಾಫಿನ ಸಾಮಾನೆಲ್ಲ ಟ್ರಂಕಿಗೆ ತುಂಬಿ, ನೂಲು ಸುತ್ತುವ ರಾಟೆಯ ಮುಂದೆ ಕೂತೆ.

ನಾಲ್ಕು ದಿನ ನೋಡಿದ ಮುರುಗೇಶ್ ಐದನೇ ದಿನ ಊಟದ ತಟ್ಟೆಯ ಮುಂದೆ ಕೂತು ಹೇಳಿದರು. "ಅಲ್ಲ, ನೀನು ಒಂದ್ ಕಣ್ಣಲ್ಲಿ ತಾನೆ ಬರೀತಿದ್ದದ್ದು?"

"ಹೂಂ."

"ಒಂದ್ ಕಣ್ಣು ಚೆನ್ನಾಗ್ ಐತಲ್ಲ. ಮುಚ್ಚೋ ಕಣ್ಣ್ ಮಾತ್ರ ಬದಲ್ಸು."

ಇಷ್ಟು ಸುಲಭದ ಮಾತು ನನಗೆ ಹೊಳೆದಿರಲಿಲ್ಲವಲ್ಲ ಎಂದು ಕೋಪ ಬಂತು. ಅವರಿಗೆ ಎರಡನೇ ಸಲ ಸಾರು ಬಡಿಸಲಿಲ್ಲ. ಆದರೆ ಎಲ್ಲರೂ ಎದ್ದು ಹೋದ ಮೇಲೆ ಟ್ರಂಕು ತೆಗೆದೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಇಪ್ಪತ್ತು ವರ್ಷ ಬಲಗಣ್ಣು ದುಡಿದಿತ್ತು, ಎಡಗಣ್ಣು ರೆಪ್ಪೆ ಹೊದ್ದು ಮಲಗಿತ್ತು. ಒಂದೇ ಮನೆಯ ಇಬ್ಬರು ವಾರಗಿತ್ತಿಯರ ಹಾಗೆ. ದೊಡ್ಡವಳು ಹಾಸಿಗೆ ಹಿಡಿದಳೆಂದು ಚಿಕ್ಕವಳನ್ನು ಒಲೆಯ ಮುಂದೆ ಕೂರಿಸಿದರೆ ಉಪ್ಪೆಲ್ಲಿ, ಹುಳಿಯೆಲ್ಲಿ ಎಂದು ಹುಡುಕುವುದಿಲ್ಲವೇ? ಸಾಲು ತಪ್ಪಿತು, ತಲೆ ನೋಯಿತು, ಬಲಗಣ್ಣು ಮುಚ್ಚಿದರೂ ಕೇಳದೆ ತಾನೇ ತೆರೆದುಕೊಳ್ಳುತ್ತಿತ್ತು. ಅದಕ್ಕೆ ಹತ್ತಿ ಇಟ್ಟು ಪಟ್ಟಿ ಅಂಟಿಸಿಕೊಂಡೆ. ಮೊದಲು ಬರೀ ಗೆರೆ, ಆಮೇಲೆ ಮಾವಿನಕಾಯಿ, ಆಮೇಲೆ ಬಳ್ಳಿ. ದೀಪಾವಳಿ ಹತ್ತಿರವಾಗುವಷ್ಟರಲ್ಲಿ ಚಿಕ್ಕ ಸೊಸೆಯ ಅಡುಗೆ ತಿನ್ನುವ ಹಾಗಾಯಿತು. ಅದೇ ಯಜಮಾನರು ಕಂಪ್ಯೂಟರ್ ಹಾಕಿಕೊಟ್ಟ ಬಳ್ಳಿಯನ್ನೂ ನನ್ನ ಬಳ್ಳಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ನನ್ನದನ್ನು ಮಡಚಿ ಒಯ್ದರು. ಮುಂದಿನ ವಾರ ಹೇಳಿ ಕಳಿಸಿದರು: ಅದೇ ಹಂಸದ ಸಾಲು ಬೇಕಂತೆ, ಇನ್ನೊಂದು ಮದುವೆ ಸೀರೆಗೆ.

ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಹಾಳೆಯ ಮುಂದೆ ಕೂತೆ. ಅತ್ತೆ ಎದುರಿಗೆ ಬಂದು ಕೂತರು. ಕಾಲಿನಿಂದ ಶುರು ಮಾಡಿ ಮೇಲಕ್ಕೆ ಹೋಗುವುದು ರೂಢಿ. ಕಾಲಿನ ಮೊದಲ ಚೌಕಕ್ಕೆ ಪೆನ್ಸಿಲ್ ಇಡುವಷ್ಟರಲ್ಲಿ ಅತ್ತೆ ನನ್ನ ಕೈ ಹಿಡಿದರು. ಎದ್ದು ಹೋಗಿ ದೀಪ ಹಚ್ಚಿ ತಂದು ಹಾಳೆಯ ಪಕ್ಕ ಇಟ್ಟರು.

"ಮೊದ್ಲು ಕಣ್ಣಿಡು" ಎಂದರು.

"ಅರೆಬರೆ ರೆಕ್ಕೆ ನೋಡಿ ನೊಂದ್ಕೊಳ್ಳುತ್ತೆ ಅಂತಿದ್ರಿ, ಅತ್ತೆ."

"ನೋಡ್ಲಿ ಬಿಡು. ನೀನೂ ನೋಡ್ಕೊಂಡ್ ತಾನೆ ಇದ್ದೆ ಮೂರ್ ತಿಂಗ್ಳು, ದಿನಾ ಗೋಡೆ ಮುಂದೆ ನಿಂತು. ರೆಕ್ಕೆ ಬರ್ಲಿಲ್ಲೆಯಾ?"

ಬರಿಯ ಹಾಳೆಯ ನಡುವೆ ಮೊದಲ ಚೌಕ ತುಂಬಿದೆ. ತಲೆಯಿಲ್ಲ, ಕೊಕ್ಕಿಲ್ಲ, ಬರೀ ಒಂದು ಕಣ್ಣು. ಅತ್ತೆ ಅದನ್ನೇ ನೋಡುತ್ತಾ ಕೂತರು.

ಕಣ್ಣಿಲ್ಲದ ಆ ಏಳು ಹಂಸಗಳ ತುಂಡು ಬಟ್ಟೆಯನ್ನು ಯಾರೂ ಎಸೆದಿಲ್ಲ. ಅತ್ತೆ ಅದಕ್ಕೆ ಅಂಚು ಹೊಲಿದು ಮಗ್ಗದ ಕೆಳಗಿನ ಕನ್ನಡಿಗೆ ಮುಸುಕು ಮಾಡಿದ್ದಾರೆ. ನೇಯುವವರು ಕೂತಾಗ ಸರಿಸಿ ನೋಡುತ್ತಾರೆ, ಎದ್ದಾಗ ಮುಚ್ಚುತ್ತಾರೆ. ಜಿರಳೆಗಳು ಪೂರ್ತಿ ಹೋಗಿಲ್ಲ, ಬಾಟಲಿಗೆ ಬಿದ್ದವು ಬೀಳುತ್ತವೆ, ಉಳಿದವು ನಮ್ಮ ಜೊತೆ ಇವೆ. ಗೋಡೆಯ ಹಾಳೆಯಲ್ಲಿ ಇವತ್ತಿಗೂ ನಾಲ್ಕು ಚೌಕ ಇಲ್ಲ. ಅತ್ತೆ ಈಗ ಅದನ್ನು ಕೇಳುವುದಿಲ್ಲ. ಹೊಸ ಹಾಳೆ ಹರಡಿದಾಗ ದೀಪ ತಂದಿಟ್ಟು, "ಇಟ್ಯಾ?" ಎನ್ನುತ್ತಾರೆ. ಇಟ್ಟೆ ಎನ್ನುತ್ತೇನೆ. ಆ ಕಣ್ಣಿನ ಎದುರಿಗೇ, ಒಂದೊಂದೇ ಚೌಕವಾಗಿ, ಹಕ್ಕಿಗೆ ರೆಕ್ಕೆ ಬರೆಯುತ್ತೇನೆ.